ಬೆಳಿಗ್ಗೆ ಟಿಕ್ ಟಿಕ್, ಬಿಸಿಯಾದರೆ ಕಡಿಮೆ: ಎರಡು ಸಲ ಟ್ಯಾಪೆಟ್ ಬಿಗಿಸಿದರೂ ಬೈಕಿನ ಸದ್ದು ಹೋಗಿಲ್ಲ

ಬೇಲೂರಿನ ಮೇಷ್ಟ್ರು, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಊರು ಬೇಲೂರು, ಕೆಲಸ ಹಾಸನದ ಶಾಲೆಯೊಂದರಲ್ಲಿ. ಹೋಗಿ ಬರುವುದು ಸೇರಿ ದಿನಕ್ಕೆ ಸುಮಾರು 80 ಕಿಲೋಮೀಟರ್ ಬೈಕಿನಲ್ಲೇ ಓಡಾಡುತ್ತೇನೆ. ಬೈಕು 150 ಸಿ.ಸಿ., ಒಂದೇ ಸಿಲಿಂಡರ್, ಕಾರ್ಬುರೇಟರ್ ಇರುವ ಹಳೆಯ ಮಾದರಿ. 61,000 ಕಿಲೋಮೀಟರ್ ಓಡಿದೆ.

ಎರಡು ತಿಂಗಳಿಂದ ಎಂಜಿನ್ನಿನ ಮೇಲ್ಭಾಗದಲ್ಲಿ ಟಿಕ್ ಟಿಕ್ ಎಂಬ ಸದ್ದು. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಜೋರು. ಹಗರೆ ದಾಟುವ ಹೊತ್ತಿಗೆ ಅರ್ಧಕ್ಕರ್ಧ ಇಳಿದಿರುತ್ತದೆ. ಆಕ್ಸಿಲರೇಟರ್ ಜಾಸ್ತಿ ಕೊಟ್ಟರೆ ಸದ್ದೂ ಜೋರಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಆಗಾಗ ಪಟ್ ಪಟ್ ಎನ್ನುತ್ತದೆ, ಅದು ಹಳೆಯ ಬೈಕಿಗೆ ಸಹಜ ಎಂದುಕೊಂಡು ಸುಮ್ಮನಿದ್ದೇನೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಎಂಜಿನ್ನಿಗೆ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟಿನಲ್ಲಿ ಸಂದು ಜಾಸ್ತಿಯಾಗಿ ಸಡಿಲವಾಗಿದೆ ಎಂದು ಬಿಗಿಸಿಕೊಟ್ಟರು. ಎರಡು ದಿನ ಕಡಿಮೆಯಾದಂತೆ ಅನ್ನಿಸಿತು, ಮತ್ತೆ ಅದೇ. ಎರಡನೇ ಸಲ ಇನ್ನಷ್ಟು ಬಿಗಿಸಿದರು. ಈಗ ಟೈಮಿಂಗ್ ಚೈನ್, ಬೋರ್, ಪಿಸ್ಟನ್ ಎಲ್ಲವನ್ನೂ ಬದಲಿಸಬೇಕು, ಹನ್ನೊಂದು ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ. ಹಣ ಹೇಗಾದರೂ ಹೊಂದಿಸಬಹುದು. ಆದರೆ ಖರ್ಚು ಮಾಡಿದ ಮೇಲೂ ಸದ್ದು ಹೋಗದಿದ್ದರೆ ಎಂಬ ಚಿಂತೆ. ತಿಳಿದವರು ದಾರಿ ತೋರಿಸಿ.

ಬಿ.ಎಂ. ರಸ್ತೆ ಸವಾರ

ಎಂಜಿನ್ನಿನೊಳಗೆ ವಾಲ್ವುಗಳನ್ನು ಓಡಿಸುವ ಟೈಮಿಂಗ್ ಚೈನೇ ಸರ್. 61,000 ಓಡಿದ ಮೇಲೆ ಸವೆಯದೆ ಏನಾಗುತ್ತದೆ? ನನ್ನ ಬೈಕಿನಲ್ಲೂ ಹೀಗೆಯೇ ಬೆಳಿಗ್ಗೆ ಗರಗರ ಎನ್ನುತ್ತಿತ್ತು. ಚೈನ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಎರಡನ್ನೂ ಹಾಕಿಸಿದೆ, ಸರಿಹೋಯಿತು. ತಡ ಮಾಡಬೇಡಿ, ಚೈನ್ ಒಂದು ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು.

ಆಲ್ದೂರು ತೋಟ

ಮೇಷ್ಟ್ರೇ, ಮೊದಲು ಆಯಿಲ್ ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮ ತೋಟದ ಬೈಕಿನ ಕಥೆ ಹೇಳಿಬಿಡುತ್ತೇನೆ. ಕಾಫಿ ಕೊಯ್ಲಿನ ಸಮಯದಲ್ಲಿ ಆ ಬೈಕಿಗೆ ಬಿಡುವೇ ಇರುವುದಿಲ್ಲ. ಡೀಸೆಲ್ ಕ್ಯಾನು, ಮೂಟೆ, ಆಳುಗಳಿಗೆ ಊಟ, ಎಲ್ಲವೂ ಅದರ ಮೇಲೆಯೇ. ಡಿಸೆಂಬರಿನಲ್ಲಿ ಒಂದು ಸದ್ದು ಶುರುವಾಯಿತು. ಕೊಯ್ಲು ಮುಗಿಯಲಿ ಎಂದು ನಾನೇ ಮುಂದಕ್ಕೆ ಹಾಕಿದೆ. ಎಂಜಿನ್ನಿನ ಬುಡದಿಂದ ಡಬ್ ಡಬ್ ಎಂದು ಬರುತ್ತಿತ್ತು, ಏರಿನಲ್ಲಿ ಭಾರ ಬಿದ್ದಾಗ ಕಾಲಿಗೇ ತಟ್ಟುವಂತೆ ಆಗುತ್ತಿತ್ತು. ಜನವರಿಯಲ್ಲಿ ಒಂದು ಸಂಜೆ ಪಿಸ್ಟನ್ನಿನ ಕೆಳಗಿನ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಗೂಡನ್ನೇ ಒಡೆದುಕೊಂಡು ಹೊರಗೆ ಬಂತು. ಓಡಿಸುತ್ತಿದ್ದ ಹುಡುಗ ಮೂಟೆಯ ಸಮೇತ ಚರಂಡಿಗೆ ಬಿದ್ದ. ದೇವರ ದಯೆ, ತರಚು ಗಾಯದಲ್ಲಿ ಮುಗಿಯಿತು. ಬಿಚ್ಚಿ ನೋಡಿದರೆ ಒಂದು ಲೀಟರ್ ಇರಬೇಕಾದ ಆಯಿಲ್ ಅರ್ಧವೂ ಇರಲಿಲ್ಲ. ಆ ಹುಡುಗನ ಮುಖ ಇವತ್ತಿಗೂ ಕಣ್ಣೆದುರಿಗೆ ಬರುತ್ತದೆ. ನಿಮ್ಮ ಸದ್ದು ಬುಡದಿಂದ ಬರುತ್ತಿದ್ದರೆ ದಯವಿಟ್ಟು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಬೇಲೂರಿನ ಮೇಷ್ಟ್ರು

ಆಯಿಲ್ ಈಗಲೇ ನೋಡಿದೆ ಸರ್. ನಡು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಿದೆ. ಮೇಲಿನ ಗೆರೆಯ ಹತ್ತಿರವೇ ಇದೆ. ಸದ್ದು ಬುಡದಿಂದ ಬರುವುದಲ್ಲ, ತೆಳುವಾದ ಸದ್ದು, ಮೇಲಿನಿಂದ.

ಮೂಡಿಗೆರೆ ಮೆಕ್ಯಾನಿಕ್

ಮೇಷ್ಟ್ರೇ, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈಗಲೇ ಎಂಜಿನ್ ಬಿಚ್ಚಿಸಬೇಡಿ. ಸದ್ದು ಯಾವಾಗ ಬರುತ್ತದೆ ಎನ್ನುವಷ್ಟೇ ಮುಖ್ಯ, ಯಾವಾಗ ಬರುವುದಿಲ್ಲ ಎನ್ನುವುದು. ವೈದ್ಯರು ಹೊಟ್ಟೆ ಕೊಯ್ಯುವ ಮೊದಲು ಊಟಕ್ಕೆ ಮುಂಚೆ ನೋವೋ ಊಟವಾದ ಮೇಲೋ ಎಂದು ಕೇಳುವುದಿಲ್ಲವೇ?

ಕೆಲವು ವಿಷಯ ನೋಡಿ ಬಂದು ಹೇಳಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಕ್ಲಚ್ ಹಿಡಿದರೆ ಸದ್ದು ನಿಲ್ಲುತ್ತದೆಯೇ? ನಿಂತರೆ ಕ್ಲಚ್ ಹೌಸಿಂಗ್ ಅಥವಾ ಗೇರ್ ಬಾಕ್ಸಿನ ಕಡೆ ನೋಡಬೇಕು, ಎಂಜಿನ್ನಿನ ಮೇಲ್ಭಾಗದ, ಅಂದರೆ ಹೆಡ್ಡಿನ ತಂಟೆಯೇ ಬೇಡ. ಎಂಜಿನ್ ಆಫ್ ಮಾಡಿ ಬೈಕನ್ನು ತಳ್ಳಿಕೊಂಡು ನಡೆಯಿರಿ. ಆಗಲೂ ಟಿಕ್ ಎಂದರೆ ಅದು ಎಂಜಿನ್ನೇ ಅಲ್ಲ. ಮಳೆಗಾಲದ ಕೆಸರಿನಲ್ಲಿ ಓಡಿದ ಹಿಂದಿನ ಚಕ್ರದ ಚೈನಿನಲ್ಲಿ ಒಂದು ಕೊಂಡಿ ತುಕ್ಕು ಹಿಡಿದು ಮಡಚದಿದ್ದರೂ ಹೀಗೆ ಕೇಳುತ್ತದೆ. ಸೈಲೆನ್ಸರಿನ ಗಾರ್ಡು, ನಂಬರ್ ಪ್ಲೇಟು, ಹಾರ್ನಿನ ಪಟ್ಟಿ, ಎಂಜಿನ್ ಬೋಲ್ಟು ಇವನ್ನೆಲ್ಲ ಕೈಯಿಂದ ಅಲುಗಿಸಿ ನೋಡಿ. ಒಂದು ಗೊತ್ತಾದ ವೇಗದಲ್ಲಿ ಮಾತ್ರ ಬಂದು ಹೋಗುವ ಸದ್ದು ಹೆಚ್ಚಾಗಿ ಇಂಥ ಸಡಿಲ ತಗಡಿನದು.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಇಟ್ಟು ಕೇಳಿ. ಮೊದಲು ಟ್ಯಾಪೆಟ್ ಮುಚ್ಚಳ, ಆಮೇಲೆ ಸಿಲಿಂಡರಿನ ಪಕ್ಕದಲ್ಲಿ ಟೈಮಿಂಗ್ ಚೈನ್ ಹಾದು ಹೋಗುವ ಕಡೆ, ಕೊನೆಗೆ ಕೆಳಗೆ, ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಹತ್ತಿರ. ಪಂಚೆ, ಟವೆಲ್, ಸಡಿಲ ತೋಳು ಚೈನಿನ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಮೆಕ್ಯಾನಿಕಲ್ ವಿದ್ಯಾರ್ಥಿನಿ, ಹಾಸನ

ಸರ್, ಇದಕ್ಕೆ ಲೆಕ್ಕದ ದಾರಿಯೂ ಒಂದಿದೆ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವುಗಳನ್ನು ತೆರೆಸುವ ಕ್ಯಾಮ್ ಒಂದೇ ಸುತ್ತು. ಎಂಜಿನ್ ನಿಂತಲ್ಲೇ ನಿಮಿಷಕ್ಕೆ 1400 ಸುತ್ತು ಓಡುತ್ತಿದ್ದರೆ, ಕ್ರ್ಯಾಂಕಿಗೆ ಸಂಬಂಧಪಟ್ಟ ಬಡಿತ ಸೆಕೆಂಡಿಗೆ ಸುಮಾರು 23 ಸಲ, ವಾಲ್ವಿಗೆ ಸಂಬಂಧಪಟ್ಟದ್ದು ಸುಮಾರು 12 ಸಲ ಬರಬೇಕು. ಕಿವಿಗೆ ಎಣಿಸಲು ಆಗುವುದಿಲ್ಲ. ಮೊಬೈಲಿನಲ್ಲಿ ಹತ್ತು ಸೆಕೆಂಡು ಧ್ವನಿ ಮುದ್ರಿಸಿ ಕಳುಹಿಸಿ, ಕಂಪ್ಯೂಟರಿನಲ್ಲಿ ಅಲೆಯ ಚಿತ್ರವನ್ನು ಹಿಗ್ಗಿಸಿ ಎಣಿಸಿ ಕೊಡುತ್ತೇನೆ.

ಸಕಲೇಶಪುರ ಬುಲೆಟ್

ಚರ್ಚೆಯ ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ನನ್ನದು ರಾಯಲ್ ಎನ್‌ಫೀಲ್ಡ್ 350, ಯುಸಿಇ ಎಂಜಿನ್. ಬೆಳಿಗ್ಗೆ ಕೆಲವು ಕ್ಷಣ ಟಿಕ್ ಟಿಕ್ ಎಂದು ಆಮೇಲೆ ನಿಂತುಹೋಗುತ್ತದೆ. ನಾನೂ ಟ್ಯಾಪೆಟ್ ಬಿಗಿಸಬೇಕೇ?

ಮೂಡಿಗೆರೆ ಮೆಕ್ಯಾನಿಕ್

ನಿಮ್ಮದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದೆ, ತನ್ನ ಸಂದನ್ನು ತಾನೇ ತುಂಬಿಕೊಳ್ಳುತ್ತದೆ. ರಾತ್ರಿ ಕೆಳಗಿಳಿದ ಆಯಿಲ್ ಮತ್ತೆ ಏರಿ ತುಂಬುವವರೆಗೆ ಆ ಸದ್ದು. ಆಯಿಲ್ ಮಟ್ಟ ಸರಿಯಿದ್ದು, ಸದ್ದು ಬೇಗ ನಿಲ್ಲುತ್ತಿದ್ದರೆ ಮುಟ್ಟಬೇಡಿ.

ಬೇಲೂರಿನ ಮೇಷ್ಟ್ರು, ಮಂಗಳವಾರ

ಎಲ್ಲವನ್ನೂ ನೋಡಿದೆ. ಕ್ಲಚ್ ಹಿಡಿದರೂ ಸದ್ದು ನಿಲ್ಲುವುದಿಲ್ಲ. ತಳ್ಳಿಕೊಂಡು ನಡೆದರೆ ಸದ್ದಿಲ್ಲ. ತಗಡುಗಳೆಲ್ಲ ಗಟ್ಟಿಯಾಗಿವೆ. ಆದರೆ ಸೈಲೆನ್ಸರಿನ ಹಿಂದಿನ ಬೋಲ್ಟಿನಲ್ಲಿ ರಬ್ಬರ್ ಬುಷ್ ಇಲ್ಲ, ಇಡೀ ಸೈಲೆನ್ಸರ್ ಮೇಲೆ ಕೆಳಗೆ ಆಡುತ್ತದೆ.

ಸ್ಕ್ರೂಡ್ರೈವರಿನಿಂದ ಕೇಳುವಾಗ ನನಗೆ ಆಶ್ಚರ್ಯ ಕಾದಿತ್ತು. ಟ್ಯಾಪೆಟ್ ಮುಚ್ಚಳದ ಮೇಲೆ ಇಟ್ಟರೆ ಸದ್ದು ತೀರಾ ಮೆಲ್ಲಗೆ. ಟೈಮಿಂಗ್ ಚೈನ್ ಕಡೆ ಸಣ್ಣಗೆ ಸರಸರ ಎಂದಿತು, ಅಷ್ಟೆ. ಸ್ಕ್ರೂಡ್ರೈವರ್ ತೆಗೆದು ಬರಿ ಕಿವಿಯಲ್ಲಿ ಕೇಳಿದರೆ ಮತ್ತೆ ಜೋರು! ಇದರ ಅರ್ಥವೇನೋ ತಿಳಿಯಲಿಲ್ಲ. ಧ್ವನಿಯನ್ನು ವಿದ್ಯಾರ್ಥಿನಿ ತಂಗಿಗೆ ಕಳುಹಿಸಿದ್ದೇನೆ.

ಮೆಕ್ಯಾನಿಕಲ್ ವಿದ್ಯಾರ್ಥಿನಿ, ಹಾಸನ

ಎಣಿಸಿದೆ ಸರ್. ಸೆಕೆಂಡಿಗೆ ಹನ್ನೆರಡರ ಆಸುಪಾಸು, ಬಹಳ ಕ್ರಮಬದ್ಧವಾಗಿದೆ. ಹಾಗಾಗಿ ಕ್ರ್ಯಾಂಕು, ಪಿಸ್ಟನ್ನು ಇವು ಪಟ್ಟಿಯಿಂದ ಹೊರಗೆ. ವಾಲ್ವಿನ ಕಡೆಯದೇ ಸದ್ದು.

ಮೂಡಿಗೆರೆ ಮೆಕ್ಯಾನಿಕ್

ಎಣಿಕೆ ಚೆನ್ನಾಗಿದೆ ತಂಗಿ, ಆದರೆ ತೀರ್ಮಾನಕ್ಕೆ ಸ್ವಲ್ಪ ತಡೆ. ಸವೆದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಹೊಡೆಯುವುದು ಪೆಟ್ರೋಲ್ ಉರಿಯುವ ಹೊಡೆತದಲ್ಲೇ ಜೋರು. ಅದೂ ಎರಡು ಸುತ್ತಿಗೆ ಒಂದು ಸಲ. ಹಾಗಾಗಿ ಹನ್ನೆರಡು ಬಂದ ಮಾತ್ರಕ್ಕೆ ಪಿಸ್ಟನ್ನನ್ನು ಬಿಟ್ಟುಬಿಡುವಂತಿಲ್ಲ. ಅದು ತಣ್ಣಗಿರುವಾಗ ಟೊಳ್ಳು ಮರ ಬಡಿದ ಹಾಗೆ ಕೇಳುತ್ತದೆ, ಸಿಲಿಂಡರಿಗೆ ಸ್ಕ್ರೂಡ್ರೈವರ್ ಇಟ್ಟರೆ ಕಿವಿಗೆ ಹೊಡೆಯುತ್ತದೆ. ಮೇಷ್ಟ್ರು ಹೇಳಿದ್ದು ಹಾಗಿಲ್ಲ.

ಹೊಗೆ ಹೊರಗೆ ಹೋಗುವುದು ಕೂಡ ಎರಡು ಸುತ್ತಿಗೆ ಒಂದೇ ಸಲ ಎಂಬುದನ್ನು ನೆನಪಿಡಿ.

ಮೇಷ್ಟ್ರೇ, ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಸದ್ದು ಲೋಹದೊಳಗೇ ಓಡುತ್ತದೆ, ಸ್ಕ್ರೂಡ್ರೈವರಿನಲ್ಲಿ ಸಿಕ್ಕೇ ಸಿಗುತ್ತದೆ. ಲೋಹದಲ್ಲಿ ಮೆಲ್ಲಗೆ, ಗಾಳಿಯಲ್ಲಿ ಜೋರು ಎಂದರೆ ನಿಮ್ಮದು ಬಡಿತವೇ ಅಲ್ಲ, ಗಾಳಿ ಸೋರುವ ಸದ್ದು. ಹೆಡ್ಡಿಗೆ ಸೈಲೆನ್ಸರಿನ ಮುಂದಿನ ಬೆಂಡ್ ಪೈಪ್ ಸೇರುವ ಜಾಗದಲ್ಲಿ ಒಂದು ಪ್ಯಾಕಿಂಗ್ ಉಂಗುರ ಇರುತ್ತದೆ. ಅದು ಹೋಗಿದ್ದರೆ ಪ್ರತಿ ಸಲ ಹೊಗೆ ನುಗ್ಗುವಾಗ ಅಲ್ಲಿಂದ ಟಿಕ್ ಎಂದು ಚಿಮ್ಮುತ್ತದೆ. ಕೇಳಿದರೆ ಅಚ್ಚು ಟ್ಯಾಪೆಟ್ಟೇ. ತಣ್ಣಗಿರುವಾಗ ಸಂದು ದೊಡ್ಡದು, ಬಿಸಿಯಾಗಿ ಪೈಪ್ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ಇಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಎನ್ನುತ್ತದೆ ಎಂದು ಮೊದಲ ದಿನವೇ ಬರೆದಿದ್ದಿರಿ. ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುವ ಸದ್ದು ಅದು. ರಬ್ಬರ್ ಬುಷ್ ಇಲ್ಲದೆ ಸೈಲೆನ್ಸರಿನ ಭಾರವೆಲ್ಲ ಪೈಪನ್ನು ಹೆಡ್ಡಿಗೆ ಹಿಡಿದಿರುವ ಮುಂದಿನ ಎರಡು ಸ್ಟಡ್ಡುಗಳ ಮೇಲೆ ಜೋತಾಡುತ್ತಿದೆ.

ನಾಳೆ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸೋಪಿನ ನೀರನ್ನು ಆ ಜೋಡಣೆಯ ಸುತ್ತ ಹಾಕಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ಸೆಕೆಂಡಿನಲ್ಲೇ ನೊರೆ ಗುಳ್ಳೆ ಬಂದರೆ ಕಳ್ಳ ಸಿಕ್ಕಿದ. ಪೈಪ್ ಬಿಸಿಯಾದ ಮೇಲೆ ಕೈ ಹಾಕಬೇಡಿ.

ಇನ್ನೊಂದು ಮಾತು ಕೇಳಲೇಬೇಕು. ಎರಡನೇ ಸಲ ಟ್ಯಾಪೆಟ್ ಬಿಗಿಸಿದ ಮೇಲೆ ಬೈಕಿನ ನಡವಳಿಕೆಯಲ್ಲಿ ಏನಾದರೂ ಬದಲಾಗಿದೆಯೇ?

ಬೇಲೂರಿನ ಮೇಷ್ಟ್ರು

ನೀವು ಕೇಳಿದ ಮೇಲೆ ಹೊಳೆಯುತ್ತಿದೆ. ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿ ತಕ್ಷಣ ಸ್ಟಾರ್ಟ್ ಮಾಡಿದರೆ ಐದಾರು ಕಿಕ್ ಬೇಕಾಗುತ್ತದೆ. ಬೆಳಿಗ್ಗೆ ಒಂದೇ ಕಿಕ್ಕಿಗೆ ಆಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿ ಆಫ್ ಆಗುತ್ತದೆ. ಹೋದ ಭಾನುವಾರ ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಗೆ ಹೋಗಿ, ಭಾವನನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟೆ. ಕೈಮರ ದಾಟಿ ಏರು ಶುರುವಾದ ಮೇಲೆ ಎರಡನೇ ಗೇರಿನಲ್ಲೂ ಏದುಸಿರು ಬಿಟ್ಟಿತು. ಭಾವ ಇಳಿದು ನಡೆಯಬೇಕಾಯಿತು. ವಯಸ್ಸಾದ ಬೈಕು ಎಂದುಕೊಂಡಿದ್ದೆ.

ಮೂಡಿಗೆರೆ ಮೆಕ್ಯಾನಿಕ್

ಇದೇ ನನ್ನ ಹೆದರಿಕೆಯಾಗಿತ್ತು. ನಿಮ್ಮ ಎಕ್ಸಾಸ್ಟ್, ಅಂದರೆ ಹೊಗೆ ಹೊರಗೆ ಹೋಗುವ ಕಡೆಯ ಟ್ಯಾಪೆಟ್ಟಿನಲ್ಲಿ ಸಂದೇ ಉಳಿದಿಲ್ಲ.

ಇಲ್ಲಿ ಓದುತ್ತಿರುವ ಎಲ್ಲರಿಗೂ ಹೇಳುತ್ತೇನೆ. ಟ್ಯಾಪೆಟ್ ಸಡಿಲವಾದರೆ ಕೂಗಿ ಹೇಳುತ್ತದೆ, ಬಿಗಿಯಾದರೆ ಸದ್ದಿಲ್ಲದೆ ಎಂಜಿನ್ ತಿನ್ನುತ್ತದೆ. ಎಂಜಿನ್ ಬಿಸಿಯಾದಾಗ ವಾಲ್ವಿನ ಕಾಂಡ ಉದ್ದವಾಗುತ್ತದೆ. ಅದಕ್ಕೆ ಜಾಗ ಇರಲಿ ಎಂದೇ ಆ ಕೂದಲೆಳೆಯ ಸಂದು ಬಿಡುವುದು. ಸಂದು ಇಲ್ಲದಿದ್ದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂತಾಗಲೇ ಅದು ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು. ಕೂರದಿದ್ದರೆ ಉರಿಯುವ ಹೊಗೆ ಅಂಚಿನಲ್ಲಿ ನುಸುಳಿ ವಾಲ್ವನ್ನೇ ಸುಡುತ್ತದೆ. ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ಸೋರಿ ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ, ಏರು ಹತ್ತುವುದಿಲ್ಲ. ನಿಮ್ಮ ಬೈಕಿನಲ್ಲಿ ಆಗುತ್ತಿರುವುದು ಇದೇ.

ಶಾಲೆಗೆ ಬಸ್ಸಿನಲ್ಲಿ ಹೋಗಿ. ಸರಿಮಾಡುವವರೆಗೆ ಬೈಕು ಮನೆಯಲ್ಲೇ ಇರಲಿ.

ಬಿ.ಎಂ. ರಸ್ತೆ ಸವಾರ

ನಾನು ಟೈಮಿಂಗ್ ಚೈನ್ ಎಂದು ಖಚಿತವಾಗಿ ಬರೆದದ್ದು ತಪ್ಪಾಯಿತು, ಕ್ಷಮಿಸಿ ಸರ್. ನನ್ನ ಬೈಕಿನ ಗರಗರ ಆಕ್ಸಿಲರೇಟರ್ ಬಿಟ್ಟಾಗಲೇ ಜಾಸ್ತಿ ಆಗುತ್ತಿತ್ತು, ನಿಮ್ಮದು ಕೊಟ್ಟಾಗ ಜಾಸ್ತಿ. ಆ ವ್ಯತ್ಯಾಸವನ್ನು ನಾನು ಗಮನಿಸಬೇಕಿತ್ತು.

ಹಳೆಯ ಯೆಜ್ದಿ, ಚಿಕ್ಕಮಗಳೂರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಲ್ಲಿ ಹುಟ್ಟಿದ ನನ್ನ ಯೆಜ್ದಿ ಇನ್ನೂ ಓಡುತ್ತಿದೆ. ಎರಡು ಸ್ಟ್ರೋಕಿನ ಆ ಎಂಜಿನ್ನಿನಲ್ಲಿ ನಿಮ್ಮಂಥ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಆದರೆ ಬೆಂಡ್ ಪೈಪಿನ ನಟ್ ಸಡಿಲವಾದರೆ ಅದೂ ಇದೇ ರೀತಿ ಟಿಕ್ ಟಿಕ್ ಎನ್ನುತ್ತದೆ. ತೆಗೆದಾಗ ಜೋಡಣೆಯ ಕೆಳಭಾಗವನ್ನು ನೋಡಿ ಮೇಷ್ಟ್ರೇ. ಸೋರುವ ಕಡೆ ಒಲೆಯ ಬಾಯಿಯಂತೆ ಕಪ್ಪು ಮಸಿ ಹಿಡಿದಿರುತ್ತದೆ.

ಬಿಸಿಲೆ ಘಾಟಿ

ನನ್ನದು ಬೇರೆ ಥರ. ಇಬ್ಬರು ಕೂತು ಘಾಟಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ, ಕೊಡದೊಳಗೆ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂತೆ ಗಲಗಲ ಎನ್ನುತ್ತದೆ. ಮೂರನೇ ಗೇರಿಗೆ ಇಳಿದರೆ ನಿಲ್ಲುತ್ತದೆ.

ಮೂಡಿಗೆರೆ ಮೆಕ್ಯಾನಿಕ್

ಎಂಜಿನ್ ನಿಧಾನ ತಿರುಗುವಾಗ ಭಾರ ಹೇರಿದರೆ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ, ಅದರ ಸದ್ದು. ಗೇರ್ ಇಳಿಸುವುದೇ ಸರಿ. ಇಳಿಸಿದರೂ ಬಂದರೆ ಪಿಸ್ಟನ್ ತಲೆಯ ಮಸಿ, ಪ್ಲಗ್ಗು, ಇಗ್ನಿಷನ್ ಟೈಮಿಂಗ್, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕಡಿಮೆ ಬರುತ್ತಿದೆಯೇ ಎಂಬುದನ್ನು ನೋಡಿಸಿ. ಹಾಗೇ ಓಡಿಸಿದರೆ ಪಿಸ್ಟನ್ ತೂತಾಗುತ್ತದೆ.

ಬೇಲೂರಿನ ಮೇಷ್ಟ್ರು, ಭಾನುವಾರ

ಬುಧವಾರ ಬೆಳಿಗ್ಗೆ ಸೋಪಿನ ನೀರು ಹಾಕಿ ಕಿಕ್ ಹೊಡೆದೆ. ಜೋಡಣೆಯ ಎಡಭಾಗದಲ್ಲಿ ಬುಳುಬುಳು ಎಂದು ಗುಳ್ಳೆ! ಎರಡು ತಿಂಗಳ ಚಿಂತೆ ಅಲ್ಲಿ ನೊರೆಯಾಗಿ ಏಳುತ್ತಿತ್ತು. ಮಗಳು ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದಳು.

ಮಿಕ್ಕ ಕೆಲಸವನ್ನು ಈ ಭಾನುವಾರ ಊರಿನ ಒಬ್ಬ ಹಿರಿಯ ಮೆಕ್ಯಾನಿಕ್ ಜೊತೆ ಕೂತು ಮಾಡಿದೆವು. ಬೆಂಡ್ ಪೈಪ್ ತೆಗೆದಾಗ ಒಂದು ನಟ್ ಬೆರಳಿನಲ್ಲೇ ತಿರುಗಿತು. ಪ್ಯಾಕಿಂಗ್ ಉಂಗುರ ಒಂದು ಕಡೆ ಅಪ್ಪಚ್ಚಿ, ಇನ್ನೊಂದು ಕಡೆ ಸುಟ್ಟು ಹೋಗಿತ್ತು. ಯೆಜ್ದಿ ಸರ್ ಹೇಳಿದಂತೆ ಸುತ್ತ ಕಪ್ಪು ಮಸಿ. ಹೊಸ ಉಂಗುರ ಹಾಕಿ, ಹಿಂದೆ ಹೊಸ ರಬ್ಬರ್ ಬುಷ್ ಹಾಕಿದೆವು. ಮೊದಲು ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಸೈಲೆನ್ಸರ್ ತನ್ನ ಜಾಗಕ್ಕೆ ತಾನೇ ಬಂದ ಮೇಲೆ ಮುಂದಿನ ನಟ್‌ಗಳನ್ನು ಒಂದರ ನಂತರ ಒಂದಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿ, ಕೊನೆಗೆ ಹಿಂದಿನ ಬೋಲ್ಟು. ಎರಡಕ್ಕೂ ಸೇರಿ ಸಾಮಾನಿನ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ.

ಆಮೇಲೆ ಟ್ಯಾಪೆಟ್. ಬೈಕು ಮೂರು ದಿನದಿಂದ ಓಡದೆ ನಿಂತು ಪೂರ್ತಿ ತಣ್ಣಗಿತ್ತು. ಪ್ಲಗ್ ಬಿಚ್ಚಿ, ಫ್ಲೈವೀಲಿನ ಟಿ ಗುರುತು ಗೂಡಿನ ಗೆರೆಗೆ ಬರುವಂತೆ ತಿರುಗಿಸಿದೆವು. ಗುರುತು ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ, ನಮಗೆ ಬೇಕಾದದ್ದು ಕಂಪ್ರೆಷನ್ ಹೊಡೆತದ ತುದಿ. ಆಗ ವಾಲ್ವುಗಳನ್ನು ಒತ್ತುವ ಎರಡೂ ರಾಕರ್‌ಗಳು ಬೆರಳಿಗೆ ಸ್ವಲ್ಪ ಆಡಬೇಕು ಎಂದು ಹಿರಿಯರು ತೋರಿಸಿದರು. ಗಾಳಿ, ಪೆಟ್ರೋಲ್ ಒಳಗೆ ಬರುವ ಇನ್ಲೆಟ್ ಕಡೆಯದು ಆಡಿತು. ಎಕ್ಸಾಸ್ಟ್ ಕಲ್ಲಿನಂತೆ ಕೂತಿತ್ತು! ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆಯೂ ಒಳಗೆ ಹೋಗಲಿಲ್ಲ. ನನ್ನ ಬೈಕಿನ ಕೈಪಿಡಿಯಲ್ಲಿ ಇನ್ಲೆಟ್‌ಗೆ 0.08, ಎಕ್ಸಾಸ್ಟ್‌ಗೆ 0.12 ಮಿಲಿಮೀಟರ್ ಎಂದಿದೆ. ಪ್ರತಿ ಮಾದರಿಗೂ ಅಳತೆ ಬೇರೆ, ಯಾರೂ ಇದನ್ನೇ ಹಿಡಿದು ತಮ್ಮ ಬೈಕಿಗೆ ಇಡಬೇಡಿ. ಹೊಂದಿಸಿ, ಲಾಕ್ ನಟ್ ಬಿಗಿಸಿ, ಬಿಗಿಸುವಾಗ ಅಳತೆ ಸರಿಯುತ್ತದೆಂದು ಮತ್ತೊಮ್ಮೆ ಎಲೆ ಹಾಕಿ ನೋಡಿದೆವು. ಈಗ ಬಿಸಿಯಲ್ಲೂ ಕಿಕ್ ಗಟ್ಟಿಯಾಗಿ ತಡೆಯುತ್ತದೆ. ವಾಲ್ವ್ ಸುಟ್ಟಿರಲಾರದು ಎಂದು ಹಿರಿಯರ ಅಭಿಪ್ರಾಯ. ಆಯಿಲನ್ನೂ ಇಳಿಸಿ ಬಿಳಿ ತಟ್ಟೆಯಲ್ಲಿ ನೋಡಿದೆವು. ಹೊಳೆಯುವ ಚೂರು ಒಂದೂ ಇರಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋಗಿ ಭಾವನನ್ನು ಮತ್ತೆ ಹತ್ತಿಸಿಕೊಂಡೆ. ಕೈಮರದ ಏರನ್ನು ಎಲ್ಲಿಯೂ ನಿಲ್ಲದೆ ಹತ್ತಿತು. ಭಾವ ಈ ಸಲ ಇಳಿಯಲಿಲ್ಲ.

ಈಗ ಕಿವಿಗೊಟ್ಟು ಕೇಳಿದರೆ ಮಾತ್ರ ಸಣ್ಣ ಚಿಟಿಚಿಟಿ ಇದೆ. ಅದು ಟ್ಯಾಪೆಟ್ಟಿನದು, ಇರಬೇಕಾದ ಸಂದಿನದು. ಅದನ್ನು ಮುಟ್ಟುವುದಿಲ್ಲ.

ಆಲ್ದೂರು ತೋಟ

ಓದಿ ಮನಸ್ಸು ಹಗುರವಾಯಿತು ಮೇಷ್ಟ್ರೇ.

ಮೂಡಿಗೆರೆ ಮೆಕ್ಯಾನಿಕ್

ಬಹಳ ಸಂತೋಷ. ಸದ್ದು ಅಡಗಲಿ ಎಂದು ಯಾರಾದರೂ ದಪ್ಪ ಆಯಿಲ್ ಹಾಕಲು ಹೇಳಿದರೆ ಕೇಳಬೇಡಿ, ಕೈಪಿಡಿಯಲ್ಲಿರುವುದನ್ನೇ ಹಾಕಿ. ಹೊಸ ಪ್ಯಾಕಿಂಗ್ ಬಿಸಿ ತಣ್ಣಗೆ ಆಗುತ್ತಾ ಸ್ವಲ್ಪ ಕುಗ್ಗುತ್ತದೆ. ವಾರ ಬಿಟ್ಟು ತಣ್ಣಗಿರುವಾಗ ಮುಂದಿನ ಎರಡು ನಟ್‌ಗಳನ್ನು ಒಮ್ಮೆ ನೋಡಿ. ಹೆಡ್ಡು ಅಲ್ಯೂಮಿನಿಯಂ, ಬಲವಾಗಿ ಎಳೆದರೆ ಸ್ಟಡ್ ಕಿತ್ತು ಬರುತ್ತದೆ.

ಮೆಕ್ಯಾನಿಕಲ್ ವಿದ್ಯಾರ್ಥಿನಿ, ಹಾಸನ

ನಟ್ ಮತ್ತು ಹೆಡ್ ಎರಡನ್ನೂ ದಾಟುವಂತೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದಿಡಿ ಸರ್. ನಟ್ ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ಸ್ಪ್ಯಾನರ್ ಹಾಕಿ ನೋಡುವ ಅಗತ್ಯವೇ ಬೀಳುವುದಿಲ್ಲ. ಪಿಸ್ಟನ್ ಬಗ್ಗೆ ನನ್ನನ್ನು ತಿದ್ದಿದ್ದಕ್ಕೆ ಮೂಡಿಗೆರೆ ಅಣ್ಣನಿಗೆ ವಂದನೆಗಳು.

ಬೇಲೂರಿನ ಮೇಷ್ಟ್ರು, ಹತ್ತು ದಿನದ ನಂತರ

ತಂಗಿ ಹೇಳಿದಂತೆ ಗೆರೆ ಎಳೆದಿದ್ದೆ. ಎಡ ನಟ್ ಕೂದಲಷ್ಟು ಸರಿದಿತ್ತು, ತಣ್ಣಗಿರುವಾಗ ಮೆಲ್ಲಗೆ ಬಿಗಿಸಿ ಹೊಸ ಗೆರೆ ಹಾಕಿದೆ. ಪ್ಯಾಕಿಂಗ್ ಹಾಕಿದ ಮೇಲೆ ಒಟ್ಟು 640 ಕಿಲೋಮೀಟರ್ ಓಡಿದೆ. ಇವತ್ತು ಬೆಳಿಗ್ಗೆ ನೋಡಿದೆ, ಎರಡೂ ಗೆರೆಗಳು ನೇರವಾಗಿವೆ.